ಸಾಹಿತ್ಯದ ಕೈಗಡ



ನಮ್ಮ ಸದಲಗಾ ಭಾಗದಲ್ಲಿ ಕೈಗಡವೆಂಬ ಪದ್ಧತಿಯನ್ನು ಅರಿಯದವರಿಲ್ಲ. ಬಿತ್ತನೆಯ ಹೊತ್ತಿಗೆ, ಮದುವೆಯ ಹೊತ್ತಿಗೆ, ಆಸ್ಪತ್ರೆಯ ಹೊತ್ತಿಗೆ ನೆರೆಮನೆಯವರಿಂದ ಒಂದಿಷ್ಟು ಹಣವನ್ನೋ ಧಾನ್ಯವನ್ನೋ ಪಡೆಯುತ್ತೇವೆ. ಅದಕ್ಕೆ ಕಾಗದಪತ್ರವಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯೂ ಇಲ್ಲ. ಇರುವುದು ಒಂದೇ ನಿಯಮ: ಪಡೆದವನು ತಾನು ಯಾರಿಂದ ಪಡೆದೆನೆಂಬುದನ್ನು ಮರೆಯಬಾರದು. ಕೈಗಡ ಪಡೆದವನನ್ನು ಊರು ಎಂದೂ ಕಳ್ಳನೆಂದು ಕರೆದಿಲ್ಲ. ಆದರೆ ಪಡೆದೇ ಇಲ್ಲವೆಂದು ಹೇಳುವವನನ್ನು ಊರು ಬೇಗನೆ ಕ್ಷಮಿಸುವುದೂ ಇಲ್ಲ. ಸಾಹಿತ್ಯದಲ್ಲಿಯೂ ಇಂತಹ ಕೈಗಡ ಬಹು ಪ್ರಾಚೀನ ಕಾಲದಿಂದ ನಡೆದುಬಂದಿದೆ ಎಂಬುದು ನನ್ನ ತಿಳಿವಳಿಕೆ.

ಈ ವಿಚಾರವನ್ನು ಬರೆಯಲು ಕಾರಣವಾದದ್ದು ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಅವನ ಹೆಸರು ಇಲ್ಲಿ ಬೇಡ. ಈಗ ಪುಣೆಯಲ್ಲಿ ಉದ್ಯೋಗದಲ್ಲಿರುವ ಆತ ಕನ್ನಡದಲ್ಲಿ ಒಂದು ಕಥೆಯನ್ನು ಬರೆದು ಸ್ಪರ್ಧೆಯೊಂದಕ್ಕೆ ಕಳುಹಿಸಿದ್ದನು. ಕಥೆಯಲ್ಲಿ ನದಿಯ ದಂಡೆಯ ಮೇಲೊಂದು ಊರು. ಅಲ್ಲಿ ಪ್ರತಿ ಮನೆಯ ಬಾಗಿಲಿಗೂ ಒಂದು ಯಂತ್ರವನ್ನು ಜೋಡಿಸಲಾಗಿದೆ. ಅದು ಮನೆಮಂದಿಯ ಮಾತುಗಳನ್ನು ಎಣಿಸುತ್ತದೆ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಮಾತನಾಡಿದವರ ಹೊಲಕ್ಕೆ ಆ ವಾರದ ನೀರಿನ ಪಾಳಿ ತಪ್ಪುತ್ತದೆ. ಕೊನೆಗೆ ಊರಿನಲ್ಲಿ ಕಬ್ಬು ಮಾತ್ರ ಮಾತನಾಡುತ್ತದೆ, ಗಾಳಿ ಬೀಸಿದಾಗ! ಓದಿ ನನಗೆ ಸಂತೋಷವಾಯಿತು. ಆದರೆ ಸ್ಪರ್ಧೆಯವರು ಕಥೆಯನ್ನು ಹಿಂದಿರುಗಿಸುತ್ತ, ಇದು ಜಾರ್ಜ್ ಆರ್ವೆಲ್‌ನ ಕಾದಂಬರಿಯಿಂದ ಎತ್ತಿದ್ದೆಂದು ಬರೆದರಂತೆ. ‘ಗುರುಗಳೇ, ನಾನು ಆ ಪುಸ್ತಕವನ್ನು ಓದಿಯೇ ಇಲ್ಲ. ಅದರ ಬಗೆಗೆ ಅಲ್ಲಲ್ಲಿ ಕೇಳಿದ್ದೇನೆ, ಅಷ್ಟೇ. ನಾನು ಕದ್ದೆನೆ? ಇನ್ನು ಬರೆಯುವುದೇ ಬೇಡವೆನಿಸಿದೆ’ ಎಂದು ಅವನು ಕೇಳಿದ್ದಾನೆ.

ಬರೆಯಬಲ್ಲವನೊಬ್ಬ ಬರೆಯುವುದನ್ನು ನಿಲ್ಲಿಸುವುದು ಸಣ್ಣ ಸಂಗತಿಯಲ್ಲ. ಆದುದರಿಂದ ಅವನಿಗೆ ಕೊಡಬೇಕಾದ ಉತ್ತರವನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ, ತರಗತಿಯಲ್ಲಿ ಗಂಟೆ ಹೊಡೆದ ಮೇಲೂ ಪಾಠ ಮುಂದುವರಿಸುತ್ತಿದ್ದ ಮಾಸ್ತರರ ಹಳೆಯ ಅಭ್ಯಾಸವೆಂದು ಸಹಿಸಿಕೊಳ್ಳಿರಿ.

ಮೊದಲು ಈ ಬಗೆಯ ಕಥೆಗಳ ಕುಲವನ್ನು ನೋಡೋಣ. ಇಂಗ್ಲೆಂಡಿನ ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯ’ ಎಂಬ ಆದರ್ಶ ದ್ವೀಪವೊಂದನ್ನು ಕಲ್ಪಿಸಿದನು. ಎಲ್ಲವೂ ಸುವ್ಯವಸ್ಥಿತವಾದ ನಾಡು ಅದು. ಅದಕ್ಕೆ ವಿರುದ್ಧವಾದದ್ದು ಡಿಸ್ಟೋಪಿಯ. ವ್ಯವಸ್ಥೆಯೇ ಮನುಷ್ಯನನ್ನು ನುಂಗಿಬಿಡುವ ರಾಜ್ಯದ ಕಥೆ. ಕೆಟ್ಟ ಕನಸಿನ ರಾಜ್ಯವೆಂದು ನಾವು ಕನ್ನಡದಲ್ಲಿ ಕರೆಯಬಹುದು. ನಾನು ಆರ್ವೆಲ್‌ನ ‘ನೈನ್‌ಟೀನ್ ಎಯ್ಟಿ-ಫೋರ್’ ಕಾದಂಬರಿಯನ್ನು ಓದಿದ್ದು ಸರಿಯಾಗಿ 1984ನೆಯ ಇಸವಿಯಲ್ಲಿಯೇ, ಕೊಲ್ಲಾಪುರದ ಹಳೆಯ ಪುಸ್ತಕದಂಗಡಿಯಿಂದ ತಂದ ಪ್ರತಿಯೊಂದರಲ್ಲಿ. ಗೋಡೆಯ ಮೇಲಿನ ಪರದೆ ಮನೆಯವರನ್ನು ನೋಡುತ್ತಿರುವುದು, ಎಲ್ಲೆಲ್ಲಿಯೂ ‘ದೊಡ್ಡಣ್ಣ’ನ ಮುಖ, ನಿನ್ನೆಯ ಪತ್ರಿಕೆಯನ್ನು ಇಂದು ತಿದ್ದುವ ಕಚೇರಿ... ಇಂತಹದನ್ನು ಹಿಂದೆ ಯಾರೂ ಯೋಚಿಸಿರಲಿಕ್ಕಿಲ್ಲವೆಂದೇ ಆಗ ನನಗೆ ತೋರಿತ್ತು.

ಅನೇಕ ವರ್ಷಗಳ ತರುವಾಯ ‘ವಿ’, ಅಂದರೆ ‘ನಾವು’, ಎಂಬ ರಷ್ಯನ್ ಕಾದಂಬರಿಯ ಇಂಗ್ಲಿಷ್ ಅನುವಾದ ಕೈಗೆ ಬಂದಿತು. ಬರೆದವನು ಯೆವ್ಗೆನಿ ಜಮ್ಯಾಟಿನ್. 1884ರಲ್ಲಿ ಜನಿಸಿದ ಈತ ವೃತ್ತಿಯಿಂದ ಹಡಗು ಕಟ್ಟುವ ಎಂಜಿನಿಯರ್. 1920-21ರ ಸುಮಾರಿಗೆ ಬರೆದ ಆ ಕಾದಂಬರಿಯಲ್ಲಿ ಜನರಿಗೆ ಹೆಸರುಗಳಿಲ್ಲ, ಸಂಖ್ಯೆಗಳಿವೆ. ಮನೆಗಳೆಲ್ಲ ಗಾಜಿನವು. ಏಳುವುದು, ಉಣ್ಣುವುದು, ನಡೆದಾಡುವುದು ಎಲ್ಲವೂ ವೇಳಾಪಟ್ಟಿಯಂತೆ. ಎಲ್ಲರ ಮೇಲೆ ‘ಉಪಕಾರಿ’ ಎಂಬ ಒಬ್ಬ ಪ್ರಭು. ಡಿ-503 ಎಂಬ ಎಂಜಿನಿಯರ್ ಗುಟ್ಟಾಗಿ ಒಬ್ಬಳನ್ನು ಪ್ರೀತಿಸುತ್ತಾನೆ, ತನ್ನ ತಳಮಳವನ್ನು ದಿನಚರಿಯಲ್ಲಿ ಬರೆಯುತ್ತಾನೆ, ಅವಳಿಂದ ಬಂಡಾಯದ ದಾರಿಗೆ ಬರುತ್ತಾನೆ, ಕೊನೆಗೆ ರಾಜ್ಯವು ಅವನ ಕಲ್ಪನಾಶಕ್ತಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುತ್ತದೆ. ಆರ್ವೆಲ್‌ನ ವಿನ್‌ಸ್ಟನ್ ಸ್ಮಿತ್ ಕೂಡ ಗುಟ್ಟಾಗಿ ದಿನಚರಿ ಬರೆಯುತ್ತಾನೆ, ಗುಟ್ಟಾಗಿ ಪ್ರೀತಿಸುತ್ತಾನೆ, ಕೊನೆಗೆ ಮುರಿದು ಬೀಳುತ್ತಾನೆ. ಎರಡನ್ನೂ ಓದಿದವನಿಗೆ ಸಾಮ್ಯ ಕಾಣದಿರದು.

ಹಾಗಾದರೆ ಆರ್ವೆಲ್ ಕದ್ದನೆ? 1950ರ ದಶಕದಲ್ಲಿ ಐಸಾಕ್ ಡಾಯ್ಚರ್ ಎಂಬ ಪ್ರಸಿದ್ಧ ಇತಿಹಾಸಕಾರನು, ಆರ್ವೆಲ್‌ನು ಕಥಾವಸ್ತು, ಪಾತ್ರ, ಸಂಕೇತಗಳನ್ನೆಲ್ಲ ಜಮ್ಯಾಟಿನ್‌ನಿಂದಲೇ ತಂದನೆಂದು ಬರೆದನು. ಆದರೆ ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆರ್ವೆಲ್ ಈ ಋಣವನ್ನು ಅಡಗಿಸಿಡಲಿಲ್ಲ. ತಾನು ಇಂತಹ ಪುಸ್ತಕವೊಂದಕ್ಕೆ ಟಿಪ್ಪಣಿಗಳನ್ನು ಮಾಡಿಕೊಳ್ಳುತ್ತಿರುವೆನೆಂದು 1944ರಲ್ಲಿ, ಜಮ್ಯಾಟಿನ್‌ನ ಬಗೆಗೆ ತನಗೆ ತಿಳಿಸಿದ ವಿದ್ವಾಂಸ ಗ್ಲೆಬ್ ಸ್ಟ್ರೂವೆಗೆ ಬರೆದ ಪತ್ರದಲ್ಲಿಯೇ ಹೇಳಿದನು. ಅನಂತರ ‘ನಾವು’ ಕಾದಂಬರಿಯನ್ನು ಫ್ರೆಂಚ್ ಅನುವಾದದಲ್ಲಿ ಓದಿ, 1946ರ ಜನವರಿಯಲ್ಲಿ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅದರ ವಿಮರ್ಶೆಯನ್ನು ಪ್ರಕಟಿಸಿದನು. ತನ್ನ ಕಾದಂಬರಿ 1949ರ ಜೂನ್ ತಿಂಗಳಲ್ಲಿ ಹೊರಬರುವುದಕ್ಕೆ ಮೂರು ವರ್ಷ ಮೊದಲೇ, ಇಂತಹ ಪುಸ್ತಕವೊಂದಿದೆ, ಇದನ್ನು ಓದಿರಿ ಎಂದು ಸಾರಿದನು. ಅದನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಬೇಕೆಂದು ತನ್ನ ಪ್ರಕಾಶಕನನ್ನೂ ಒತ್ತಾಯಿಸಿದನು. ಕದ್ದವನು ಕದ್ದ ಮನೆಯ ದಾರಿಯನ್ನು ತೋರಿಸುವುದುಂಟೆ?

ಅದೇ ವಿಮರ್ಶೆಯಲ್ಲಿ ಆರ್ವೆಲ್ ಇನ್ನೊಂದು ಮಾತನ್ನೂ ಹೇಳಿದ್ದನು. ಆಲ್ಡಸ್ ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932) ಭಾಗಶಃವಾದರೂ ಜಮ್ಯಾಟಿನ್‌ನಿಂದ ಬಂದಿರಬೇಕು ಎಂಬುದು ಅವನ ಊಹೆ. ಶಿಕ್ಷಕನಾದ ನನಗೆ ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಈ ಹಕ್ಸ್ಲಿ ಈಟನ್ ಶಾಲೆಯಲ್ಲಿ ಕೆಲಕಾಲ ಆರ್ವೆಲ್‌ನಿಗೆ ಫ್ರೆಂಚ್ ಪಾಠ ಹೇಳಿದ ಮಾಸ್ತರನು! ಆ ಫ್ರೆಂಚಿನಲ್ಲಿ ರಷ್ಯನ್ ಕಾದಂಬರಿಯನ್ನು ಓದಿದ ಶಿಷ್ಯನು, ಗುರುವಿನ ಮೇಲೆಯೇ ಕೈಗಡದ ಆರೋಪ ಹೊರಿಸಿದ್ದನು. ಆದರೆ ಹಕ್ಸ್ಲಿ 1962ರಲ್ಲಿ ಬರೆದ ಪತ್ರವೊಂದರಲ್ಲಿ, ತನ್ನ ಕಾದಂಬರಿಯ ಕಾಲಕ್ಕೆ ಆ ಪುಸ್ತಕದ ಹೆಸರನ್ನೇ ತಾನು ಕೇಳಿರಲಿಲ್ಲವೆಂದು ಹೇಳಿದನು. ಎಚ್. ಜಿ. ವೆಲ್ಸ್‌ನ ‘ಮೆನ್ ಲೈಕ್ ಗಾಡ್ಸ್’ ಎಂಬ ಆದರ್ಶರಾಜ್ಯದ ಕಥೆಯನ್ನು ಅಣಕಿಸಲು ಹೊರಟು ತನ್ನ ಕಾದಂಬರಿ ಹುಟ್ಟಿತೆಂಬುದನ್ನು ಅವನು ಒಪ್ಪಿಕೊಂಡಿದ್ದನು. ಅಮೆರಿಕದ ಕರ್ಟ್ ವಾನೆಗಟ್‌ನಂತೂ 1973ರ ಸಂದರ್ಶನವೊಂದರಲ್ಲಿ, ತನ್ನ ‘ಪ್ಲೇಯರ್ ಪಿಯಾನೊ’ (1952) ಕಥೆಯನ್ನು ಹಕ್ಸ್ಲಿಯಿಂದ ಸಂತೋಷವಾಗಿ ಹಾರಿಸಿದೆನೆಂದೂ, ಹಕ್ಸ್ಲಿ ಜಮ್ಯಾಟಿನ್‌ನಿಂದ ಹಾಗೆಯೇ ಹಾರಿಸಿದ್ದನೆಂದೂ ನಗುತ್ತ ಹೇಳಿಬಿಟ್ಟನು. ತನ್ನ ಪಾಲಿನ ಮಾತು ಅವನಿಗೆ ಗೊತ್ತಿತ್ತು. ಹಕ್ಸ್ಲಿಯ ಪಾಲಿನ ಮಾತು ಊಹೆ.

ಹಕ್ಸ್ಲಿ ಓದಿರಲಿಲ್ಲವೆಂದಾದರೆ ಸಾಮ್ಯ ಎಲ್ಲಿಂದ ಬಂದಿತು? ಇಬ್ಬರೂ ನಿಂತ ನೆಲ ಒಂದೇ ಆಗಿತ್ತು ಎಂಬುದೇ ಉತ್ತರ. 1911ರಲ್ಲಿ ಫ್ರೆಡರಿಕ್ ಟೇಲರ್ ಎಂಬ ಅಮೆರಿಕನ್ ಎಂಜಿನಿಯರ್ ಕಾರ್ಮಿಕನ ಕೈಚಲನೆಯನ್ನು ಗಡಿಯಾರ ಹಿಡಿದು ಅಳೆಯುವ ಶಾಸ್ತ್ರವನ್ನು ಬರೆದನು. 1913ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲನ್ನು ಆರಂಭಿಸಿದನು. ಜಮ್ಯಾಟಿನ್ 1916-17ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ರಷ್ಯಕ್ಕಾಗಿ ಹಿಮ ಒಡೆಯುವ ಹಡಗುಗಳ ನಿರ್ಮಾಣವನ್ನು ನೋಡಿಕೊಳ್ಳುತ್ತ ಇದ್ದವನು. ಅವನ ಕಾದಂಬರಿಯಲ್ಲಿ ಟೇಲರ್‌ನಿಗೆ ಋಷಿಯ ಸ್ಥಾನ. ಹಕ್ಸ್ಲಿಯ ಕಾದಂಬರಿಯಲ್ಲಿ ಫೋರ್ಡ್‌ನ ಹೆಸರಿನಲ್ಲಿಯೇ ಶಕವರ್ಷವನ್ನು ಎಣಿಸುತ್ತಾರೆ. ಒಂದೇ ಕಾರ್ಖಾನೆಯ ಹೊಗೆಯನ್ನು ಎರಡು ಊರುಗಳಲ್ಲಿ ನಿಂತ ಇಬ್ಬರು ಕಂಡರೆ, ಇಬ್ಬರೂ ಕಪ್ಪು ಆಕಾಶವನ್ನೇ ವರ್ಣಿಸುತ್ತಾರೆ. ಒಬ್ಬನ ಆಕಾಶವನ್ನು ಇನ್ನೊಬ್ಬ ಕದ್ದನೆನ್ನಲು ಬೇರೆ ಆಧಾರ ಬೇಕು.

ಪುಣೆಯ ನನ್ನ ಶಿಷ್ಯನಿಗೆ ಹೇಳಬೇಕಾದ ಮೊದಲನೆಯ ಮಾತು ಇದೇ. ಸಾಮ್ಯವು ಪ್ರಶ್ನೆಯನ್ನು ಕೇಳಲು ಕಾರಣವಾಗಬಹುದು, ತೀರ್ಪು ಕೊಡಲು ಸಾಲದು. ಕೈಯಲ್ಲಿ ಹಿಡಿದ ಯಂತ್ರವು ನಮ್ಮ ಹೆಜ್ಜೆಗಳನ್ನು ಎಣಿಸುವ ಕಾಲದಲ್ಲಿ ಬೆಳೆದ ತರುಣನಿಗೆ, ಮಾತುಗಳನ್ನು ಎಣಿಸುವ ಯಂತ್ರವನ್ನು ಕಲ್ಪಿಸಿಕೊಳ್ಳಲು ಆರ್ವೆಲ್‌ನ ಅನುಮತಿ ಬೇಕಿಲ್ಲ.

ಎರಡನೆಯ ಮಾತು, ಪಡೆದದ್ದು ನಮ್ಮದಾಗುವುದು ಯಾವಾಗ ಎಂಬುದು. ಇದಕ್ಕೆ ನೀವೆಲ್ಲ ಒಂದನೆಯ ಇಯತ್ತೆಯಲ್ಲಿ ಕೂಗಿ ಕೂಗಿ ಕಲಿತ ಮಗ್ಗಿಯನ್ನೇ ಉದಾಹರಣೆಯಾಗಿ ಕೊಡುತ್ತೇನೆ: ಎರಡೆರಡಲೆ ನಾಲ್ಕು.

ರಷ್ಯದ ದೊಸ್ತೋವ್‌ಸ್ಕಿ 1864ರಲ್ಲಿ ಬರೆದ ‘ನೆಲಮಾಳಿಗೆಯ ಟಿಪ್ಪಣಿಗಳು’ ಕೃತಿಯ ನಾಯಕನಿಗೆ ಈ ಲೆಕ್ಕವೆಂದರೆ ಸಿಟ್ಟು. ಎರಡೆರಡಲೆ ನಾಲ್ಕೆಂಬುದು ದಾರಿಗೆ ಅಡ್ಡವಾಗಿ ನಿಂತ ಗೋಡೆ, ಎರಡೆರಡಲೆ ಐದೆಂದು ಹೇಳುವ ಮೊಂಡುತನದಲ್ಲಿಯೂ ಮನುಷ್ಯನ ಸ್ವಾತಂತ್ರ್ಯವಿದೆ ಎಂಬುದು ಅವನ ಭಾವ. ದೊಸ್ತೋವ್‌ಸ್ಕಿಯನ್ನು ಚೆನ್ನಾಗಿ ಬಲ್ಲ ಜಮ್ಯಾಟಿನ್ ಅದೇ ಲೆಕ್ಕವನ್ನು ತನ್ನ ಕಾದಂಬರಿಗೆ ತಂದನು. ಅಲ್ಲಿ ರಾಜ್ಯದ ಕವಿಗಳು ಮಗ್ಗಿಯನ್ನು ಸ್ತುತಿಸಿ ಪದ್ಯ ಕಟ್ಟುತ್ತಾರೆ. ಎಂದೂ ತಪ್ಪದ, ಎಂದೂ ಸಂದೇಹಪಡದ ಮಗ್ಗಿಯೇ ಸುಖದ ಮಾದರಿ! ಅಂದರೆ ಅಲ್ಲಿ ನಾಲ್ಕು ಎಂಬುದು ಸರಪಳಿ. ಆರ್ವೆಲ್‌ನಲ್ಲಿ ಅದೇ ಲೆಕ್ಕ ತಲೆಕೆಳಗಾಯಿತು. ಅವನ ರಾಜ್ಯವು ಎರಡಕ್ಕೆರಡು ಕೂಡಿದರೆ ಐದೆಂದು ಒಪ್ಪಿಸುತ್ತದೆ. ಅಲ್ಲಿ ನಾಲ್ಕೆಂದು ಹೇಳುವುದೇ ಸ್ವಾತಂತ್ರ್ಯ.

ಆರ್ವೆಲ್‌ನಿಗೆ ಈ ಐದು ಎಲ್ಲಿಂದ ಬಂದಿತು? ಸೋವಿಯತ್ ಒಕ್ಕೂಟದಲ್ಲಿ ಪಂಚವಾರ್ಷಿಕ ಯೋಜನೆಯನ್ನು ನಾಲ್ಕೇ ವರ್ಷಗಳಲ್ಲಿ ಮುಗಿಸುವ ಹುರುಪಿಗೆ ‘2+2=5’ ಎಂಬುದು ಘೋಷಣೆಯಾಗಿತ್ತು. ಪತ್ರಕರ್ತ ಯೂಜೀನ್ ಲಯನ್ಸ್ ತನ್ನ 1937ರ ಪುಸ್ತಕದಲ್ಲಿ ಅದನ್ನು ವರ್ಣಿಸಿದ್ದನು. ಆರ್ವೆಲ್ 1938ರಲ್ಲಿ ಆ ಪುಸ್ತಕವನ್ನು ವಿಮರ್ಶಿಸಿದ್ದನು. ಅದಕ್ಕಿಂತ ಮುಖ್ಯವಾದುದು ಅವನ ಸ್ವಂತ ಅನುಭವ. 1937ರಲ್ಲಿ ಸ್ಪೇನ್ ದೇಶದ ಯುದ್ಧದಲ್ಲಿ ಅವನ ಗಂಟಲಿಗೆ ಗುಂಡು ತಗುಲಿತು. ನಡೆಯದ ಕದನಗಳನ್ನು ಪತ್ರಿಕೆಗಳು ನಡೆದವೆಂದು ಬರೆದದ್ದನ್ನೂ, ತನ್ನೊಡನೆ ಹೋರಾಡಿದವರನ್ನು ದ್ರೋಹಿಗಳೆಂದು ಸಾರಿದ್ದನ್ನೂ ಅವನು ಕಣ್ಣಾರೆ ಕಂಡನು. ಜಮ್ಯಾಟಿನ್ ಕಂಡ ಭಯ ಬೇರೆ: ಎಲ್ಲವೂ ಲೆಕ್ಕದಂತೆ ನಡೆದು ಮನುಷ್ಯನಲ್ಲಿ ಮನುಷ್ಯತ್ವ ಉಳಿಯದಿರುವ ಭಯ. ಆರ್ವೆಲ್ ಕಂಡ ಭಯ, ಸತ್ಯವೆಂಬ ಲೆಕ್ಕವೇ ಉಳಿಯದಿರುವುದು. ಪಡೆದ ಪಾತ್ರೆ ಒಂದೇ, ಒಳಗೆ ಕುದಿದದ್ದು ಬೇರೆ. ನನ್ನ ದೃಷ್ಟಿಯಲ್ಲಿ ಸ್ವಂತಿಕೆಯೆಂದರೆ ಇದೇ. ಹಿಂದೆ ಯಾರೂ ಹೇಳದ್ದನ್ನು ಹೇಳುವುದು ಬಹಳ ವಿರಳ. ಹಿಂದಿನವರು ಹೇಳಿದ್ದನ್ನು ತನ್ನ ಬದುಕಿನ ಬೆಲೆ ತೆತ್ತು ಮತ್ತೆ ಹೇಳುವುದು ಸಾಧ್ಯ, ಅದು ಸಾಕು.

ಜಮ್ಯಾಟಿನ್‌ನೂ ಬರಿಗೈಯಲ್ಲಿ ಬಂದವನಲ್ಲ. ವೆಲ್ಸ್‌ನ ಕೃತಿಗಳನ್ನು ಮೆಚ್ಚಿ ಅವುಗಳ ಮೇಲೆ ಪುಸ್ತಕವನ್ನೇ ಬರೆದವನು. ಅವನಿಗೂ ಮೊದಲು, 1891ರಲ್ಲಿ, ಇಂಗ್ಲೆಂಡಿನ ವಿನೋದ ಲೇಖಕ ಜೆರೋಮ್ ಕೆ. ಜೆರೋಮ್ ‘ದ ನ್ಯೂ ಯುಟೋಪಿಯ’ ಎಂಬ ಲೇಖನದಲ್ಲಿ, ಹೆಸರಿನ ಬದಲು ಸಂಖ್ಯೆ ಹೊತ್ತ, ಒಂದೇ ಬಗೆಯ ಉಡುಪು ತೊಟ್ಟ ಜನರನ್ನು ಹಾಸ್ಯಕ್ಕಾಗಿ ಕಲ್ಪಿಸಿದ್ದನು. ಅಲ್ಲಿ ಬುದ್ಧಿ ಹೆಚ್ಚಾದವನಿಗೆ ಶಸ್ತ್ರಚಿಕಿತ್ಸೆಯೂ ಉಂಟು! ಜೆರೋಮ್‌ನ ಬರಹಗಳು ಆ ಕಾಲದ ರಷ್ಯದಲ್ಲಿ ಜನಪ್ರಿಯವಾಗಿದ್ದವು. ಬಾವಿಯ ಕೆಳಗೆ ಇನ್ನೊಂದು ಸೆಲೆ, ಅದರ ಕೆಳಗೆ ಮತ್ತೊಂದು.

ಇಷ್ಟು ದೂರದ ದೇಶಗಳ ಮಾತು ಏಕೆಂದು ನೀವು ಕೇಳಬಹುದು. ನಮ್ಮ ಕನ್ನಡದಲ್ಲಿ ಈ ವ್ಯವಹಾರ ಹೇಗೆ ನಡೆದಿತ್ತೆಂಬುದನ್ನು ನೋಡಿದರೆ ಉತ್ತರ ಹೆಚ್ಚು ಸ್ಪಷ್ಟವಾಗುತ್ತದೆ.

ಆದಿಕವಿ ಪಂಪನು ಭಾರತದ ಕಥೆಯನ್ನು ಎತ್ತಿಕೊಂಡಾಗ, ವ್ಯಾಸರ ಸಾಗರದಲ್ಲಿ ಈಜುತ್ತೇನೆಯೇ ಹೊರತು ನಾನೇ ವ್ಯಾಸನೆಂಬ ಗರ್ವ ತನಗಿಲ್ಲವೆಂಬ ಅರ್ಥದ ಮಾತನ್ನು ಮೊದಲಲ್ಲಿಯೇ ಹೇಳಿದನು. ಆದರೂ ಅವನ ಕರ್ಣನನ್ನು ಓದಿದ ಯಾರೂ ಪಂಪನಿಗೆ ಸ್ವಂತಿಕೆಯಿಲ್ಲವೆಂದು ಹೇಳಲಾರರು. 11ನೆಯ ಶತಮಾನದ ದುರ್ಗಸಿಂಹನು ಕನ್ನಡ ‘ಪಂಚತಂತ್ರ’ವನ್ನು ಬರೆಯುವಾಗ, ಗುಣಾಢ್ಯನ ‘ಬೃಹತ್ಕಥೆ’ಯಿಂದ ವಸುಭಾಗಭಟ್ಟನು ತೆಗೆದ ಕಥೆಗಳನ್ನು ತಾನು ಕನ್ನಡಿಸುತ್ತಿರುವುದಾಗಿ ಹೇಳಿದನು. ಯಾರಿಂದ ಪಡೆದೆ ಎಂಬುದಷ್ಟೇ ಅಲ್ಲ, ಅವನು ಯಾರಿಂದ ಪಡೆದನೆಂಬುದನ್ನೂ ಹೇಳಿದನು. ಕೈಗಡದ ವಂಶಾವಳಿಯನ್ನೇ ಕೊಟ್ಟ ಹಾಗೆ!

ನಮ್ಮ ಗಡಿನಾಡಿಗೆ ಹತ್ತಿರದ ಉದಾಹರಣೆ ಗಳಗನಾಥರದು (1869-1942). ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ, ಉತ್ತರ ಕರ್ನಾಟಕದ ಜನರಿಗೆ ಕನ್ನಡ ಓದುವ ರುಚಿ ಹತ್ತಿಸಿದ ಮಹನೀಯರು ಅವರು. ಮರಾಠಿಯ ಹರಿ ನಾರಾಯಣ ಆಪಟೆಯವರ (1864-1919) ಐತಿಹಾಸಿಕ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ವಿಜಯನಗರದ ಪತನವನ್ನು ಕುರಿತ ಆಪಟೆಯವರ ‘ವಜ್ರಾಘಾತ’ವು ಗಳಗನಾಥರಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ವಿಚಾರ ಮಾಡಿ ನೋಡಿರಿ. ಕನ್ನಡ ಸಾಮ್ರಾಜ್ಯವೊಂದು 1565ರಲ್ಲಿ ಬಿದ್ದ ಕಥೆಯನ್ನು ಮರಾಠಿಯ ಲೇಖಕರು ಬರೆದರು, ಅದು ಕನ್ನಡಿಗರ ಅಳಲಾಗಿ ಕನ್ನಡಕ್ಕೆ ಮರಳಿತು. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು ನುಡಿ ಆಡುವ ದೂಧಗಂಗೆಯ ದಂಡೆಯ ನಮಗೆ ಇದು ವಿಚಿತ್ರವೆನಿಸುವುದಿಲ್ಲ. ಸಾಹಿತ್ಯ ಚರಿತ್ರೆಯಲ್ಲಿ ಆಪಟೆಯವರ ಹೆಸರು ಗಳಗನಾಥರ ಹೆಸರಿನ ಪಕ್ಕದಲ್ಲಿಯೇ ನಿಂತಿದೆ. ಅದರಿಂದ ಗಳಗನಾಥರು ಚಿಕ್ಕವರಾಗಿಲ್ಲ.

ಇನ್ನು ಗಿರೀಶ ಕಾರ್ನಾಡರ ‘ಹಯವದನ’ (1971). ಇಬ್ಬರು ಗೆಳೆಯರ ತಲೆಗಳು ಅದಲುಬದಲಾಗುವ ಕಥೆ ಮೂಲತಃ ಬೇತಾಳನ ಕಥೆಗಳಲ್ಲಿ, ‘ಕಥಾಸರಿತ್ಸಾಗರ’ದಲ್ಲಿ ಇದೆ. ಅದನ್ನು ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಕಿರುಕಾದಂಬರಿಯಾಗಿಸಿದನು. ಕಾರ್ನಾಡರು ಮನ್‌ನ ಕೃತಿಯಿಂದ ಪ್ರೇರಣೆ ಪಡೆದು, ಅದನ್ನು ತಾವೇ ಹೇಳಿಕೊಂಡು, ಕುದುರೆಯ ಮುಖದ ಹಯವದನನನ್ನು ಸೇರಿಸಿ ಅಪೂರ್ಣತೆಯ ನಾಟಕವನ್ನಾಗಿ ಮಾಡಿದರು. ಬೇತಾಳನಿಗೆ ತಲೆಯುಳ್ಳವನೇ ಗಂಡನೆಂಬ ಉತ್ತರ ಸಾಕಾಗಿತ್ತು. ಕಾರ್ನಾಡರಿಗೆ ಆ ಉತ್ತರ ಸಾಕಾಗಲಿಲ್ಲ. ಸಾಕಾಗದೆ ಹೋದ ಜಾಗದಲ್ಲಿಯೇ ಅವರ ಸ್ವಂತಿಕೆ ಇದೆ.

ಈಗ ಮೂರನೆಯ ಮಾತಿಗೆ ಬರುತ್ತೇನೆ. ಪಡೆದದ್ದನ್ನು ನಮ್ಮದಾಗಿಸಿಕೊಂಡ ಮೇಲೂ ಹೆಸರನ್ನು ಏಕೆ ಹೇಳಬೇಕು? ಸೌಜನ್ಯಕ್ಕಾಗಿ ಮಾತ್ರವೆ? ಅಲ್ಲ. ಮೇಲೆ ಬಂದ ಗುಣಾಢ್ಯನ ಕಥೆಯೇ ಇದಕ್ಕೆ ಉತ್ತರ.

‘ಕಥಾಸರಿತ್ಸಾಗರ’ದಲ್ಲಿ ಬರುವಂತೆ, ಗುಣಾಢ್ಯನು ಪೈಶಾಚಿ ಭಾಷೆಯಲ್ಲಿ ಏಳು ಲಕ್ಷ ಶ್ಲೋಕಗಳ ಮಹಾಕಥೆಯನ್ನು ತನ್ನ ರಕ್ತದಿಂದ ಬರೆದು ಸಾತವಾಹನ ರಾಜನಿಗೆ ಕಳುಹಿಸಿದನು. ರಾಜನು ಭಾಷೆಯನ್ನೂ ರಕ್ತದ ಲಿಪಿಯನ್ನೂ ಕಂಡು ತಿರಸ್ಕರಿಸಿದನು. ಮನನೊಂದ ಗುಣಾಢ್ಯನು ಕಾಡಿನಲ್ಲಿ ಬೆಂಕಿ ಹೊತ್ತಿಸಿ, ಒಂದೊಂದು ಓಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕತೊಡಗಿದನು. ಮೇವು ಮರೆತು, ಕಣ್ಣೀರು ಸುರಿಸುತ್ತ ಪ್ರಾಣಿಗಳು ಕೇಳಿದವು. ಪಶ್ಚಾತ್ತಾಪಪಟ್ಟ ರಾಜನು ಓಡಿಬರುವ ಹೊತ್ತಿಗೆ ಆರು ಲಕ್ಷ ಶ್ಲೋಕಗಳು ಬೂದಿಯಾಗಿದ್ದವು. ಉಳಿದ ಒಂದು ಲಕ್ಷದ ಆ ‘ಬೃಹತ್ಕಥೆ’ಯೂ ಇಂದು ನಮಗೆ ದೊರೆತಿಲ್ಲ. ಆದರೂ ಗುಣಾಢ್ಯನ ಹೆಸರು ನಮಗೆ ಗೊತ್ತು. ಹೇಗೆ? ಅವನಿಂದ ಕಥೆ ಪಡೆದ ಕ್ಷೇಮೇಂದ್ರ, ಸೋಮದೇವ, ನಮ್ಮ ದುರ್ಗಸಿಂಹ ಮೊದಲಾದವರು ಅವನ ಹೆಸರನ್ನು ಹೇಳಿದ್ದರಿಂದ! ಗ್ರಂಥವೇ ಇಲ್ಲವಾದರೂ ಗ್ರಂಥಕಾರನು ಉಳಿದನು.

ಜಮ್ಯಾಟಿನ್‌ನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅವನ ಕಾದಂಬರಿಯನ್ನು ಅವನ ದೇಶದಲ್ಲಿ ಪ್ರಕಟಿಸಲು ಬಿಡಲಿಲ್ಲ. ಅದು ಮೊದಲು ಪುಸ್ತಕವಾದದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದವಾಗಿ. 1929ರಲ್ಲಿ ಅವನ ವಿರುದ್ಧ ಉಗ್ರವಾದ ಪ್ರಚಾರ ನಡೆಯಿತು. 1931ರಲ್ಲಿ ಅವನು ಸ್ಟಾಲಿನ್‌ನಿಗೇ ಪತ್ರ ಬರೆದು, ಬರೆಯಲಾಗದಿರುವುದು ಲೇಖಕನಿಗೆ ಮರಣದಂಡನೆಯೇ ಸರಿ, ದೇಶ ಬಿಟ್ಟು ಹೋಗಲು ಅನುಮತಿ ಕೊಡಿರೆಂದು ಕೇಳಿಕೊಂಡನು. ಗಾರ್ಕಿಯ ಸಹಾಯದಿಂದ ಅನುಮತಿ ದೊರೆಯಿತು. 1937ರಲ್ಲಿ ಪ್ಯಾರಿಸಿನಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಅವನ ಕಾದಂಬರಿ ಅವನ ದೇಶದಲ್ಲಿ ಅಚ್ಚಾದದ್ದು 1988ರಲ್ಲಿ. ರಾಜ್ಯವು ಅಳಿಸಬೇಕೆಂದಿದ್ದ ಹೆಸರನ್ನು, ಅವನಿಂದ ಪಡೆದವರೂ ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು? ರಾಜ್ಯದ ಕೆಲಸವನ್ನು ಸಾಹಿತಿಗಳೇ ಪೂರೈಸಿದಂತಾಗುತ್ತಿತ್ತು. ಮನುಷ್ಯರ ಹೆಸರನ್ನು ಕಿತ್ತುಕೊಂಡು ಸಂಖ್ಯೆ ಕೊಡುವ ರಾಜ್ಯದ ವಿರುದ್ಧ ಬರೆಯುವವನು, ತನಗೆ ದಾರಿ ತೋರಿದವನ ಹೆಸರನ್ನು ನುಂಗಿದರೆ ಆ ಬರಹಕ್ಕೆ ಏನು ಬೆಲೆ?

ಹೆಸರು ಹೇಳುವವರಿಲ್ಲದೆ ಮರೆಯಾದವರೂ ಇದ್ದಾರೆ. 1937ರಲ್ಲಿ ಲಂಡನ್ನಿನಲ್ಲಿ ‘ಸ್ವಸ್ತಿಕ ನೈಟ್’ ಎಂಬ ಕಾದಂಬರಿ ಪ್ರಕಟವಾಯಿತು. ಹಿಟ್ಲರ್‌ನನ್ನು ದೇವರೆಂದು ಪೂಜಿಸುವ ಮತ ಜಗತ್ತಿನ ದೊಡ್ಡ ಭಾಗವನ್ನು ಶತಮಾನಗಳ ಕಾಲ ಆಳಿ, ಹಿಂದಿನ ಇತಿಹಾಸವನ್ನೆಲ್ಲ ಅಳಿಸಿಹಾಕಿದ ಕಥೆ. ಅಲ್ಲಿಯೂ ಒಂದು ರಹಸ್ಯ ಗ್ರಂಥವುಂಟು, ಆರ್ವೆಲ್‌ನಲ್ಲಿ ಇರುವಂತೆಯೇ. ಪುಸ್ತಕದ ಮೇಲೆ ಮುದ್ರಿತವಾದದ್ದು ಮರ್ರೆ ಕಾನ್‌ಸ್ಟಂಟೈನ್ ಎಂಬ ಗಂಡು ಹೆಸರು. ಬರೆದವಳು ಕ್ಯಾಥರಿನ್ ಬರ್ಡೆಕಿನ್ ಎಂಬ ಮಹಿಳೆಯೆಂಬುದು ಲೋಕಕ್ಕೆ ಸ್ಪಷ್ಟವಾದದ್ದು 1980ರ ದಶಕದಲ್ಲಿ, ಆಕೆ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಆರ್ವೆಲ್ ಆಕೆಯ ಪುಸ್ತಕವನ್ನು ಓದಿದ್ದನೆನ್ನಲು ನೇರ ಆಧಾರವಿಲ್ಲ, ಆದುದರಿಂದ ಅವನನ್ನು ದೂರಲಾಗದು. ಆದರೆ ಆಕೆಯನ್ನು ನೆನೆಯಲು ಆಧಾರ ಬೇಕಿಲ್ಲವಲ್ಲ!

ಇಂದಿನ ದಿನಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಕೇಳಿದ ಕ್ಷಣದಲ್ಲಿ ಕಥೆ, ಕವಿತೆ, ಪ್ರಬಂಧಗಳನ್ನು ಬರೆದುಕೊಡುವ ಯಂತ್ರಗಳು ಬಂದಿವೆ. ಅವು ಲಕ್ಷಾಂತರ ಜನರ ಬರಹಗಳನ್ನು ಉಂಡು ಬೆಳೆದವು. ಯಾವ ಸಾಲಿನಲ್ಲಿ ಯಾರ ಋಣವಿದೆಯೆಂಬುದನ್ನು ಸಾಮಾನ್ಯವಾಗಿ ಅವು ಹೇಳುವುದಿಲ್ಲ. ಮನುಷ್ಯರಾದ ನಾವಾದರೂ ಹೇಳುವ ಅಭ್ಯಾಸವನ್ನು ಬಿಡಬಾರದು.

ನಮ್ಮ ಹೊಲಗಳಲ್ಲಿ ಬೆಳೆಯುವ ‘ಕೋ 86032’ ಎಂಬ ಕಬ್ಬಿನ ತಳಿಯನ್ನು ನೀವು ಬಲ್ಲಿರಿ. ಆ ‘ಕೋ’ ಎಂದರೆ ಕೊಯಮತ್ತೂರು. 1912ರಲ್ಲಿ ಆರಂಭವಾದ ಅಲ್ಲಿಯ ತಳಿ ಸಂಶೋಧನಾ ಕೇಂದ್ರದಿಂದ ಬಂದುದು ಎಂಬುದರ ಗುರುತು. ಬೀಜ ಅಲ್ಲಿಯದು, ಮಣ್ಣು, ನೀರು, ಬೆವರು ನಮ್ಮವು, ಬೆಲ್ಲದ ರುಚಿಯೂ ನಮ್ಮದೇ. ಆದರೂ ಕಬ್ಬು ತನ್ನ ಹುಟ್ಟೂರಿನ ಮೊದಲಕ್ಷರವನ್ನು ಹೆಸರಿನಲ್ಲಿ ಹೊತ್ತುಕೊಂಡೇ ನಿಲ್ಲುತ್ತದೆ. ಅದರಿಂದ ಅದರ ಸಿಹಿ ಕಡಿಮೆಯಾಗಿಲ್ಲ.

ಆದುದರಿಂದ ಬರೆಯುವ ಹಂಬಲವುಳ್ಳ ನಿಮಗೆಲ್ಲ ನನ್ನ ಸಲಹೆ ಇಷ್ಟೇ. ನಿಮ್ಮ ಬರಹ ಹಿಂದಿನ ಯಾವುದೋ ಕೃತಿಯನ್ನು ಹೋಲುತ್ತದೆಂದು ಯಾರಾದರೂ ಹೇಳಿದರೆ ಹೆದರಬೇಡಿರಿ, ಆ ಕೃತಿಯನ್ನು ಹುಡುಕಿ ಓದಿರಿ. ಓದಿದ ಮೇಲೆ ನಿಮ್ಮ ಕಥೆಯಲ್ಲಿ ನಿಮ್ಮ ಬದುಕು ತೆತ್ತದ್ದು ಯಾವುದೆಂದು ಕೇಳಿಕೊಳ್ಳಿರಿ. ಆರ್ವೆಲ್‌ನಲ್ಲಿ ನೀರಿನ ಪಾಳಿಯಿಲ್ಲ. ಪಾಳಿ ತಪ್ಪಿದ ರೈತನ ರಾತ್ರಿ ಎಂತಹದೆಂಬುದು ಅವನಿಗೆ ಗೊತ್ತಿರಲಿಲ್ಲ, ಅದು ನಮ್ಮ ಹುಡುಗನಿಗೆ ಗೊತ್ತು. ಅಲ್ಲಿಂದ ಮುಂದೆ ಬರೆಯಲಿ. ಪಡೆದದ್ದು ಇದೆಯೆಂದು ತಿಳಿದರೆ, ಕಥೆಯ ಮೇಲ್ಗಡೆ ಒಂದು ಸಾಲಿನಲ್ಲಿ ಆ ಹೆಸರನ್ನು ಬರೆಯಿರಿ. ಯಾವುದೋ ದೇಶದ ಯಾವುದೋ ಅರಸ ಸುಟ್ಟ ಪುಸ್ತಕವೊಂದರ ಹೆಸರು, ನಿಮ್ಮ ಆ ಒಂದು ಸಾಲಿನಿಂದಲೇ ಇನ್ನೊಂದು ನೂರು ವರ್ಷ ಉಳಿದೀತು.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮಾಸ್ತರ,
ಸದಲಗಾ